ಅತ್ತೆಯ ಬೈಗುಳಕ್ಕೆ ಬಂದ ಲೈಕುಗಳು

ನಮ್ಮತ್ತೆ ನನ್ನನ್ನು ಬೈಯುವುದನ್ನು ನೋಡಿ ನಗುವುದಕ್ಕೆ ಊರೂರಿನ ಜನ ಕಾದು ಕೂತಿದ್ದಾರೆ ಅಂತ ಗೊತ್ತಾದ ದಿನ ನಾನು ಖುಷಿಪಟ್ಟಿದ್ದೆ. ಅದನ್ನು ನೆನೆಸಿಕೊಂಡರೆ ಈಗ ಮೈ ಉರಿಯುತ್ತೆ. ಯಾರ ಮೇಲೆ ಅಂತ ಕೇಳಬೇಡಿ. ಪಟ್ಟಿ ದೊಡ್ಡದಿದೆ, ಅದರಲ್ಲಿ ಮೊದಲನೆಯವಳು ನಾನೇ.

ಚೆನ್ನೈನ ಪಲ್ಲಾವರಂನಲ್ಲಿ, ವಿಮಾನ ನಿಲ್ದಾಣದ ಹತ್ತಿರ ನಮ್ಮದೊಂದು ಸಣ್ಣ ಫ್ಲಾಟು. ಯಜಮಾನರ ಕಂಪನಿ ಬಾಗಿಲು ಹಾಕಿದ ಮೇಲೆ ನಾನು ಸಾರಿನ ಪುಡಿ, ಹುಳಿ ಪುಡಿ, ಪುಳಿಯೋಗರೆ ಗೊಜ್ಜು ಮಾಡಿ ಮಾರತೊಡಗಿದೆ. ನಾನು ಅನ್ನುವುದೂ ಪೂರ್ತಿ ನಿಜವಲ್ಲ. ಅತ್ತೆ ಇಲ್ಲದೆ ಅದರಲ್ಲಿ ಏನೂ ಇಲ್ಲ. ಅವರು ಹುಟ್ಟಿ ಬೆಳೆದದ್ದೆಲ್ಲ ಈ ಊರಲ್ಲೇ, ಇವತ್ತಿಗೂ ಮದ್ರಾಸು ಅಂತಲೇ ಅನ್ನುತ್ತಾರೆ. ಕಣ್ಣು ಮಂಜಾಗಿದೆ, ಮೂಗು ಮಾತ್ರ ಚುರುಕು. ಬೆಳಗ್ಗೆ ಸ್ನಾನ ಮಾಡಿ ಮಡಿಸೀರೆ ಉಟ್ಟು ಅಡಿಗೆಮನೆಯಲ್ಲಿ ಸ್ಟೂಲು ಹಾಕಿಕೊಂಡು ಕೂತರೆ, ಮಡಿಯಿಲ್ಲದವರು ಯಾರೂ ಹೊಸ್ತಿಲು ದಾಟುವ ಹಾಗಿಲ್ಲ. ಒಳಗೆ ನಾವಿಬ್ಬರೇ. ಬಾಣಲೆ ನನ್ನದು, ಬೈಗುಳ ಅವರದು. ಧನಿಯ ಒಂದು ಕ್ಷಣ ಹೆಚ್ಚು ಹುರಿದರೆ ವಾಸನೆಯಲ್ಲೇ ಹಿಡಿದು, "ಮೂದೇವಿ, ಇಳಿಸೇ!" ಅನ್ನುತ್ತಾರೆ. ಇಪ್ಪತ್ತೇಳು ವರ್ಷ ಹೀಗೆ ಬೈಸಿಕೊಂಡೇ ನಾನು ಅಡಿಗೆ ಕಲಿತದ್ದು.

ಪುಡಿಯೇನೋ ಚೆನ್ನಾಗಿತ್ತು, ಕೊಳ್ಳುವವರು ಬೇಕಲ್ಲ! ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿದೆ. ಇಲ್ಲಿ ವ್ಯಾಪಾರ ಮಾಡಬಾರದು ಅಂತ ಸೆಕ್ರೆಟರಿ ತಕ್ಷಣ ಉತ್ತರ ಕೊಟ್ಟ. ದಿನಾ ಬೆಳಗಾದರೆ ಅದೇ ಗ್ರೂಪಿನಲ್ಲಿ ಇನ್ಶೂರೆನ್ಸ್ ಮಾರುವ ಮಹಾನುಭಾವ ಅವನು. ಭಜನೆ ಮಂಡಳಿಯ ಹೆಂಗಸರು ಕೈಮುಗಿದ ಬೊಂಬೆ ಕಳಿಸಿದರು, ಒಂದು ಪೊಟ್ಟಣವನ್ನೂ ಕೊಳ್ಳಲಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಪೇಜು ತೆರೆದೆವು. ಕಾಸು ಕೊಟ್ಟರೆ ನಾಲ್ಕು ಜನಕ್ಕೆ ತೋರಿಸುತ್ತೇನೆ ಅಂತ ಅದು ದಿನಾ ಪೀಡಿಸಿತು. ಕಾಸಿದ್ದಿದ್ದರೆ ನಾನು ಮೆಣಸಿನಕಾಯಿ ಘಾಟಿನಲ್ಲಿ ಯಾಕೆ ಕೆಮ್ಮುತ್ತಿದ್ದೆ?

ಆಗ ಕೀಲ್ಪಾಕಿನಲ್ಲಿ ಸಣ್ಣ ವ್ಯಾಪಾರದ ಹೆಂಗಸರಿಗೆ ಅಂತ ಒಂದು ಪುಕ್ಕಟೆ ಕ್ಲಾಸು ನಡೆಯಿತು. ಪಾಠ ಹೇಳಿದಾಕೆ ಗರಿಗರಿ ಸೀರೆಯವಳು. "ಜಾಹೀರಾತಿಗೆ ದುಡ್ಡು ಸುರಿಯಬೇಡಿ. ನಿಮ್ಮ ಮನೆಯ ನಿಜವನ್ನು ತೋರಿಸಿ, ಜನ ತಾವಾಗಿ ಬರುತ್ತಾರೆ" ಅಂದಳು. ನಾನು ಪೆದ್ದಿ, ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದೆ.

ವಿಡಿಯೋ ತೆಗೆಯುವುದು ಮಗಳ ಪಾಲಿಗೆ ಬಂತು. ಕಾಲೇಜು ಹುಡುಗಿ, ಕನ್ನಡ ಪೂರ್ತಿ ಅರ್ಥವಾಗುತ್ತೆ, ಉತ್ತರ ಮಾತ್ರ ತಮಿಳಿನಲ್ಲಿ. ಅವಳಿಗೆ ಮಡಿಯಿಲ್ಲ, ಆದ್ದರಿಂದ ಹೊಸ್ತಿಲಾಚೆ ನಿಂತು ಫೋನ್ ಹಿಡಿದಳು. ನಾನು ಧನಿಯ ಹುರಿಯುತ್ತಾ "ನಮಸ್ಕಾರ, ಇವತ್ತು ನಮ್ಮ ಮನೆಯಲ್ಲಿ..." ಅಂತ ಶುರುಮಾಡಿದೆ, ಅತ್ತೆ ಹಿಂದಿನಿಂದ ಗುಡುಗಿದರು: "ಬಾಣಲೆ ನೋಡೇ ಅಂದರೆ ಅಲ್ಲಿ ಹಲ್ಲು ಕಿಸೀತಾ ನಿಂತಿದೀಯಲ್ಲ! ನಿನ್ನ ಹಲ್ಲು ಹಾಕಿ ಸಾರು ಮಾಡ್ತಾರೇನೇ?" ಅಷ್ಟರಲ್ಲಿ ನೆತ್ತಿಯ ಮೇಲೆ ಸದ್ದು ಮಾಡುತ್ತಾ ವಿಮಾನ ಹಾದುಹೋಯಿತು, ಅತ್ತೆ ಅದನ್ನೂ ಬಿಡಲಿಲ್ಲ. "ಇವನೊಬ್ಬ, ಹೊತ್ತಿಲ್ಲ ಗೊತ್ತಿಲ್ಲ!"

ಮಗಳು ಅಷ್ಟನ್ನೇ ಕತ್ತರಿಸಿ ಹಾಕಿದಳು. ಸಾಯಂಕಾಲದ ಹೊತ್ತಿಗೆ ಅವಳ ಫೋನು ಸುಮ್ಮನಿರಲಿಲ್ಲ. "ಪಾಟಿ ಸೆಮ್ಮ!" ಅಂತ ಕುಣಿದಳು, ಅಜ್ಜಿ ಭರ್ಜರಿ ಅಂತ. ಅವತ್ತಿನಿಂದ ದಿನಕ್ಕೊಂದು ಬೈಗುಳ. ಬಂದ ಪ್ರತಿ ಮಾತಿಗೂ ಅವಳೇ ಕೂತು ಉತ್ತರ ಬರೆದಳು. ಅಜ್ಜಿ, ನನ್ನನ್ನೂ ಒಂದು ಸಲ ಬೈಯಿರಿ ಅಂತ ಹರಕೆ ಹೊತ್ತವರ ಥರ ಬೇಡಿಕೊಂಡರು ಜನ. ಬೆಂಗಳೂರು, ಕೊಯಮತ್ತೂರು, ಎಲ್ಲೆಲ್ಲಿಂದಲೋ ಆರ್ಡರು ಬಂತು. ಜಾಹೀರಾತಿಗೆ ಬಿಡಿಗಾಸು ಕೊಡದೆ ಗೆದ್ದುಬಿಟ್ಟೆ ಅಂತ ಬೀಗಿದೆ.

ಅತ್ತೆಗೂ ತೋರಿಸಿದೆವು. ಅವರು ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಇಷ್ಟೊಂದು ಜನ ನನ್ನ ಮಾತು ಕೇಳ್ತಾರೇನೇ?" ಅಂದರು. ಮುಖ ಅರಳಿತ್ತು.

"ಕೇಳ್ತಾರೆ ಅತ್ತೆ" ಅಂದೆ. ಎಂಥಾ ಸುಳ್ಳುಬುರುಕಿ ನಾನು!

ಒಂದು ಬೆಳಗ್ಗೆ ಆರ್ಡರು ಹೆಚ್ಚಿದ್ದರಿಂದ ಎರಡು ಪಟ್ಟು ಮೆಣಸಿನಕಾಯಿ ಬಾಣಲೆಗೆ ಸುರಿದೆ. ಕಣ್ಣು ಹೊಸ್ತಿಲ ಕಡೆ, ಫೋನಿನ ಕಡೆ. ತಳ ಸೀದುಹೋಯಿತು.

"ಚೆಲ್ಲು" ಅಂದರು ಅತ್ತೆ.

"ಸ್ವಲ್ಪವೇ ಅತ್ತೆ. ಬೇರೆಯದರ ಜೊತೆ ಬೆರೆಸಿದರೆ ಯಾರಿಗೂ ಗೊತ್ತಾಗಲ್ಲ."

ಅವರು ಗೋಡೆ ಹಿಡಿದು ಎದ್ದು ನಿಂತರು. "ಗೊತ್ತಾಗಲ್ಲ ಅಂತ ತಿನ್ನಿಸ್ತೀಯಾ? ಯಾರದೋ ಮನೆ ಮಕ್ಕಳು ಅದನ್ನ ಅನ್ನಕ್ಕೆ ಕಲಸ್ಕೋತಾರೆ ಕಣೇ! ನನ್ನ ಮುಖ ತೋರಿಸಿ ಸುಟ್ಟಿದ್ದು ಮಾರ್ತೀಯಾ? ಇಷ್ಟು ವರ್ಷ ನಾನು ಬಾಯಿ ಬಡ್ಕೊಂಡಿದ್ದು ಇದಕ್ಕೇನೇ? ನಾಚಿಕೆ ಆಗಲ್ವಾ ನಿನಗೆ?" ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ತಲೆ ತಗ್ಗಿಸಿ ನಿಂತಿದ್ದೆ, ಮಗಳು ಫೋನ್ ಕೆಳಗಿಳಿಸಿರಲಿಲ್ಲ.

ಮಧ್ಯಾಹ್ನ ಬಂದು ಮಗಳು ಕೇಳಿದಳು: "ಪೋಡಟ್ಟುಮಾಮ್ಮಾ?" ಹಾಕಲಾ ಅಂತ. ಬೇಡ ಅನ್ನಬಹುದಿತ್ತು. ಹಾಕು ಅಂದೆ. ಮೆಣಸಿನಕಾಯಿಯನ್ನೂ ಚೆಲ್ಲಿದೆ ಅಂತ ಅತ್ತೆಗೆ ಹೇಳಿ, ಅರ್ಧ ಚೆಲ್ಲಿ ಅರ್ಧ ಬೆರೆಸಿದೆ. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತಿದೆ.

ನಮ್ಮ ಪೇಜಿನಲ್ಲಿ ಅಷ್ಟು ಜನ ನೋಡಿದ ವಿಡಿಯೋ ಬೇರೊಂದಿಲ್ಲ. ಸಾಯಂಕಾಲ ಅತ್ತೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾರು ಏನು ಬರೆದಿದ್ದಾರೆ ಓದು ಅಂದರು. ಅವಳು ಓದಿದಳು. ಅಜ್ಜಿ ಆಕ್ಟಿಂಗ್ ಸೂಪರ್. ಅಳೋ ಸೀನ್ ಬೆಂಕಿ. ಆ ಸೀದ ಪುಡಿ ಸಿಗುತ್ತಾ, ಎರಡು ಪ್ಯಾಕೆಟ್ ಕಳಿಸಿ. ಥೂ, ಎಂಥಾ ಜನ! ಎದುರಿಗಿದ್ದಿದ್ದರೆ ಬಾಣಲೆ ತಗೊಂಡು ಬಾರಿಸುತ್ತಿದ್ದೆ. ಆದರೆ ಅವರ ಮುಂದೆ ತಂದಿಟ್ಟವರು ಯಾರು?

ಅತ್ತೆ ಕೇಳಿದರು, "ಚೆಲ್ಲು ಅಂದೆನಲ್ಲ, ಅದಕ್ಕೆ ಏನಂದರು?"

"ಎಲ್ಲಾರುಂ ಸಿರಿಚ್ಚಾಂಗ ಪಾಟಿ" ಅಂದಳು ಹುಡುಗಿ. ಎಲ್ಲರೂ ನಕ್ಕರು ಅಜ್ಜಿ.

ಅತ್ತೆ "ಹೂಂ" ಅಂದು ದೇವರ ದೀಪ ಹಚ್ಚಲು ಎದ್ದು ಹೋದರು.

ಮಾರನೆಯ ದಿನದಿಂದ ಹೊಸ ರೀತಿ ಶುರುವಾಯಿತು. ಮಗಳು ಹೊಸ್ತಿಲಲ್ಲಿ ಫೋನ್ ಎತ್ತಿದ ಕೂಡಲೇ ಅತ್ತೆ ಬೈಯುತ್ತಿದ್ದರು, ಕೆಳಗಿಳಿಸಿದ ಕೂಡಲೇ ನಿಲ್ಲಿಸುತ್ತಿದ್ದರು. ಹುರಿದದ್ದು ಸರಿಯಿದ್ದರೂ ಬೈಗುಳ. ಜನಕ್ಕೆ ವ್ಯತ್ಯಾಸವೇ ತಿಳಿಯಲಿಲ್ಲ, ಲೈಕುಗಳಿಗೇನೂ ಕಮ್ಮಿಯಿಲ್ಲ. ಅತ್ತೆಯ ಬಾಯಿ ನಂಬಿಕೊಂಡು ಹುರಿದವಳು ನಾನು, ನಿಜವಾದ ಬೈಗುಳ ಇಲ್ಲದೆ ಯಾವುದು ಸರಿ ಯಾವುದು ತಪ್ಪು ಅಂತ ಕೈಗೆ ತಿಳಿಯುತ್ತಿರಲಿಲ್ಲ.

ವಾರದ ಮೇಲೆ ತಡೆಯಲಾರದೆ, ಮಗಳು ಕಾಲೇಜಿಗೆ ಹೋದ ಮೇಲೆ ಮೆಣಸಿನಕಾಯಿ ಬಾಣಲೆಗೆ ಹಾಕಿ ಬೇಕೆಂದೇ ಕೈಕಟ್ಟಿ ನಿಂತೆ. ಕೆಂಪಾಯಿತು, ಕಪ್ಪಾಯಿತು, ಹೊಗೆ ಎದ್ದಿತು. ಪಕ್ಕದ ಫ್ಲಾಟಿನವರು ಕೆಮ್ಮಿ ಕಿಟಕಿ ಮುಚ್ಚಿದರು. ಅತ್ತೆ ಸ್ಟೂಲಿನ ಮೇಲೆ ಹಾಗೇ ಕೂತಿದ್ದರು.

"ಅತ್ತೆ, ಸೀದುಹೋಯ್ತು."

"ವಾಸನೆ ಬಂತು."

"ಬೈಯಿರಿ ಅತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ, ಬೈಯಿರಿ."

ಅವರು ಹೊಸ್ತಿಲ ಕಡೆ ತಿರುಗಿ, ಮಂಜು ಕಣ್ಣು ಕಿರಿದು ಮಾಡಿ ಹುಡುಕಿದರು. ಆಮೇಲೆ ಬಹಳ ಮೃದುವಾಗಿ, ಮಗುವಿಗೆ ಸಮಾಧಾನ ಹೇಳುವಂತೆ ಅಂದರು: "ಇರು, ಅವಳು ಫೋನ್ ತೊಗೊಂಡು ಬರಲಿ. ಬೈತೀನಿ."