ಕೌದಿಯ ಹೊಟ್ಟೆ

ದಿನಾ ಮಧ್ಯಾಹ್ನ ಊಟವಾದ ಮೇಲೆ ನಾನು ಆಫ್ರಿಕಾಕ್ಕೆ ಹೋಗಿಬರುತ್ತೇನೆ. ಇದನ್ನು ಎಲ್ಲರ ಮುಂದೆ ಹೇಳಿಕೊಳ್ಳುವಂತಿಲ್ಲ. ಹೇಳಿದರೆ ಹೊಸಪೇಟೆಯಲ್ಲಿ ನನ್ನ ಬಗ್ಗೆ ಮೊದಲೇ ಇರುವ ಅನುಮಾನ ಗಟ್ಟಿಯಾದೀತು. ನಿಮಗೆ ಹೇಳಬಹುದು. ಎರಡು ರೊಟ್ಟಿ, ಒಂದಿಷ್ಟು ಪುಂಡಿಪಲ್ಯ, ಮೇಲೊಂದು ಲೋಟ ಮಜ್ಜಿಗೆ, ಇಷ್ಟೇ ನನ್ನ ಟಿಕೆಟ್ಟು. ಫ್ಯಾನಿನ ಕೆಳಗೆ ಅಡ್ಡಾದರೆ ಸಾಕು, ಅದು ಗುಂಯ್ ಎನ್ನುತ್ತಿದ್ದಂತೆ ಅರಬ್ಬೀ ಸಮುದ್ರ ಹಿಂದೆ ಬೀಳುತ್ತದೆ, ಇಡೀ ಖಂಡ ಕಾಲಡಿಯಲ್ಲಿ ಸರಿದುಹೋಗುತ್ತದೆ, ಘಾನಾ ದೇಶದ ಉತ್ತರದ ಮೂಲೆಯಲ್ಲಿ ಒಂದು ಶಾಲೆಯ ಮುಂದೆ ಇಳಿದಿರುತ್ತೇನೆ. ಪಾಸ್‌ಪೋರ್ಟು ನನ್ನಲ್ಲಿಲ್ಲ. ಗುಂತಕಲ್ಲು ದಾಟಿ ರೈಲಿನಲ್ಲಿ ಹೋದದ್ದೂ ಕಡಿಮೆಯೇ. ಆದರೆ ಹೊಳೆಯಾಚೆಯ ಬೆಟ್ಟದಲ್ಲಿ ಹುಟ್ಟಿದವನೊಬ್ಬ ಸಮುದ್ರವನ್ನೇ ಹಾರಿದ ಎಂದು ನಂಬುವ ಸೀಮೆಯವನು ನಾನು, ಇಷ್ಟಾದರೂ ಮಾಡಬೇಡವೇ?

ಶಾಲೆಗೆ ಎರಡೇ ಕೋಣೆ, ಮೇಲೆ ತಗಡು. ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಶಿಲುಬೆ. ಅಂಗಳದ ಬೇವಿನ ಮರಕ್ಕೆ ಹಳೆಯ ಲಾರಿಯ ಚಕ್ರದ ಕಬ್ಬಿಣ ಕಟ್ಟಿದ್ದಾರೆ, ಅದೇ ಗಂಟೆ. ಅಲ್ಲಿಯ ಮಣ್ಣೂ ಸಂಡೂರಿನ ಮಣ್ಣಿನ ಹಾಗೆ ಕೆಂಪಂತೆ, ಮಕ್ಕಳ ಕಾಲು ಮೊಣಕಾಲಿನವರೆಗೆ ಕೆಂಪಾಗಿರುತ್ತವಂತೆ. ಇಷ್ಟು ನಿಜ. ಉಳಿದದ್ದು ನನ್ನ ಸೇರಿಕೆ. ನನ್ನ ಆಫ್ರಿಕಾದಲ್ಲಿ ಶಾಲೆಯ ಹಿಂದೆ ಹಂಪಿಯ ಬಂಡೆಗಳಿವೆ, ಒಂದರ ಮೇಲೊಂದು, ಈಗ ಬಿದ್ದೇವು ಆಗ ಬಿದ್ದೇವು ಎನ್ನುತ್ತ ಯುಗಗಳಿಂದ ನಿಂತಿವೆ. ಫೋನಿನಲ್ಲಿ ಇದನ್ನು ಹೇಳಿದಾಗ ಆ ಶಾಲೆಯಲ್ಲಿ ಕಲಿಸುವ ಫಿಲೋಮಿನಾ ನಕ್ಕುಬಿಟ್ಟಳು. "ಅಯ್ಯ ಸಾರ್, ಇಲ್ಲಿ ಬಂಡೆಗಿಂಡೆ ಏನಿಲ್ರಿ. ಎಲ್ಲಾ ಸಪಾಟ ಐತಿ." ಆಯ್ತು, ತೆಗೆದುಬಿಡೋಣ ಎಂದು ಮರುದಿನ ಮಧ್ಯಾಹ್ನ ಪ್ರಯತ್ನಪಟ್ಟೆ. ಒಂದು ಬಂಡೆಯೂ ಅಲುಗಲಿಲ್ಲ.

ಫಿಲೋಮಿನಾ ನನ್ನ ವಿದ್ಯಾರ್ಥಿನಿ. ಗಾದಿಗನೂರಿನಿಂದ ಬಸ್ಸಿನಲ್ಲಿ ಬಂದು ಹೊಸಪೇಟೆಯಲ್ಲಿ ಹೈಸ್ಕೂಲು ಓದಿದ ಹುಡುಗಿ. ನಾನು ಭೂಗೋಳದ ಮೇಷ್ಟ್ರು. ಆಗೆಲ್ಲ ಆಫ್ರಿಕಾ ಖಂಡವನ್ನು ನಾನು ಒಂದೇ ಪೀರಿಯಡ್ಡಿನಲ್ಲಿ ಮುಗಿಸುತ್ತಿದ್ದೆ, ಅದರಲ್ಲೂ ಹತ್ತು ನಿಮಿಷ ಹಾಜರಿಗೆ ಹೋಗುತ್ತಿತ್ತು. ಒಂದು ದಿನ ಈಕೆ ಎದ್ದುನಿಂತು ಕೇಳಿದಳು: "ಸಾರ್, ಅಲ್ಲಿ ಹುಡುಗ್ರು ಸಾಲಿಗೆ ಹೆಂಗ ಹೋಗ್ತಾರ್ರೀ?" ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸವೂ ಇರಲಿಲ್ಲ. "ಅದು ಪರೀಕ್ಷೆಗೆ ಬರಂಗಿಲ್ಲ, ಕುಂದ್ರು" ಅಂದೆ.

ಮುಂದೆ ಆಕೆ ಸಿಸ್ಟರ್ ಆದಳು, ಚರ್ಚಿನ ಸನ್ಯಾಸಿನಿ. ಮೂವತ್ತು ವರ್ಷ ಕಳೆದು, ನಾನು ನಿವೃತ್ತನಾಗಿ ದಿನಪತ್ರಿಕೆಯ ಹವಾಮಾನದ ಅಂಕಣವನ್ನು ಮಾತ್ರ ಗಮನವಿಟ್ಟು ಓದುವ ಸ್ಥಿತಿಗೆ ಬಂದಿರುವಾಗ, ಯಾವುದೋ ಉದ್ದನೆಯ ನಂಬರಿನಿಂದ ಫೋನು ಬಂತು. "ಸಾರ್, ಅವತ್ತು ನೀವು ಉತ್ತರ ಹೇಳ್ಲಿಲ್ಲ. ಅದಕ್ಕ ನಾನೇ ನೋಡಾಕ ಬಂದೀನಿ." ನಾಚಿಕೆಯಾಯಿತು, ಸಂತೋಷವೂ ಆಯಿತು. ಯಾವುದು ಹೆಚ್ಚು ಎಂದು ಕೇಳಬೇಡಿ. ಅಂದಿನಿಂದ ತಿಂಗಳಿಗೊಮ್ಮೆ ಮಾತು, ದಿನಕ್ಕೊಮ್ಮೆ ನನ್ನ ಪ್ರಯಾಣ.

ಎರಡು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ಆಕೆಯ ದನಿ ಎಂದಿನಂತಿರಲಿಲ್ಲ. ಅಲ್ಲಿ ಚಳಿಗಾಲಕ್ಕೆ ಸಹಾರಾ ಮರುಭೂಮಿಯ ಕಡೆಯಿಂದ ಒಂದು ಒಣಗಾಳಿ ಬೀಸುತ್ತದೆ, ಹರ್ಮಟನ್ ಅಂತ. ನಾನೇ ಅದನ್ನು ಒಂದು ಅಂಕದ ಪ್ರಶ್ನೆಗೆಂದು ಬಾಯಿಪಾಠ ಮಾಡಿಸಿದ್ದೆ. ಧೂಳುಭರಿತ ಒಣ ವಾಣಿಜ್ಯ ಮಾರುತ, ಮುಗಿಯಿತು. ಆ ಗಾಳಿಯಲ್ಲಿ ಮುಂಜಾನೆ ಸಿಮೆಂಟಿನ ನೆಲ ಮಂಜುಗಡ್ಡೆಯಾಗುತ್ತದೆ, ಬರಿನೆಲದಲ್ಲಿ ಕೂರಲಾರದೆ ಐದಾರು ವರ್ಷದ ಮಕ್ಕಳು ಶಾಲೆಗೇ ಬರುವುದಿಲ್ಲ ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. "ದೊಡ್ಡ ಹುಡುಗ್ರಿಗೆ ಬೆಂಚ್ ಅದಾವ್ರಿ. ಸಣ್ಣವರಿಗೆ ಏನೂ ಇಲ್ಲ. ಬರೋ ವರ್ಷದ ಥಂಡ್ಯಾಗೂ ಹಾಜರಿ ಹಿಂಗ ಇದ್ರ ಸಣ್ಣವರ ಕ್ಲಾಸ್ ಮುಚ್ಚಿಬಿಡ್ತೀವಿ ಅಂತ ಇನ್‌ಸ್ಪೆಕ್ಟರ್ ಹೇಳಿ ಹೋಗ್ಯಾನ್ರಿ. ಆಮ್ಯಾಲೆ ಆ ಕೂಸುಗಳು ಇನ್ನೊಂದೂರಿಗೆ ನಡೀಬೇಕು. ನಡಿಯಂಗಿಲ್ಲ ಸಾರ್. ಮನ್ಯಾಗ ಉಳೀತಾವು."

ನಾನು ಹವಾಮಾನದ ಮಾತನಾಡಿದೆ. ಅಕ್ಷಾಂಶದ ಮಾತನಾಡಿದೆ. ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ನನ್ನ ಹೆಂಡತಿ ಶಾರದೆ ತಲೆಯನ್ನೂ ಎತ್ತದೆ ಅಂದಳು: "ಕೌದಿ ಹೊಲಿಸಿ ಕಳಿಸ್ರಿ. ಅದಕ್ಕ್ಯಾಕ ಇಷ್ಟು ಭಾಷಣ?"

ನಮ್ಮ ಕಡೆಯವರಿಗೆ ಕೌದಿ ಗೊತ್ತು. ಹಳೆಯ ಸೀರೆ, ಧೋತರ, ಕುಪ್ಪಸಗಳನ್ನು ಪದರಪದರವಾಗಿ ಹಾಸಿ, ಕೈಹೊಲಿಗೆ ಹಾಕಿ ಮಾಡಿದ ಹಾಸಿಗೆ. ಹೊದೆಯಬಹುದು, ಹಾಸಬಹುದು, ಬಂದವರಿಗೆ ಕೂರಲು ಕೊಡಬಹುದು. ಬೆಂಚು ಮುರಿಯುತ್ತದೆ, ಕೌದಿ ಮುರಿದದ್ದನ್ನು ನಾನು ಕಂಡಿಲ್ಲ. ಬೀದಿಯಲ್ಲಿ ಸೀರೆ ಕೇಳುತ್ತ ಹೊರಟೆವು. ಒಬ್ಬರು ಕಿಟಕಿಯಿಂದಲೇ ಕೇಳಿದರು: "ಏನ್ಸಾರ್, ನಮ್ಮ ಗುಡಿ ಬಿಟ್ಟು ಏಸುನ ಸಾಲಿಗೆ ಯಾಕ ಓಡ್ಯಾಡಾಕ ಹತ್ತೀರಿ?" ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಶಾರದೆ, "ಕುಂಡಿ ತಣ್ಣಗಾಗೋದಕ್ಕ ಯಾವ ಧರ್ಮಾನ್ರಿ?" ಎಂದುಬಿಟ್ಟಳು. ಅದೇ ಮನೆಯಿಂದ ಮೂರು ಸೀರೆ ಬಂದವು. ಕಂಪ್ಲಿಯಿಂದ ನನ್ನ ತಂಗಿ ನಮ್ಮ ಅವ್ವನ ಹಸಿರು ಇಳಕಲ್ ಸೀರೆಯನ್ನೇ ಕಳಿಸಿದಳು. ಅದನ್ನು ಕತ್ತರಿಸಲು ಕೊಡುವಾಗ ನಾನು ಒಂದು ಗಳಿಗೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ.

ಹೊಲಿದವಳು ಗಾದಿಗನೂರಿನ ಗಂಗಮ್ಮ, ಫಿಲೋಮಿನಾಳ ತವರಿನ ಪಕ್ಕದ ಮನೆಯವಳು. ಆಕೆಗೆ ಫಿಲೋಮಿನಾ ಇನ್ನೂ 'ನಮ್ಮ ಫಿಲ್ಲಿ'. ಮಳೆಗಾಲ ಮುಗಿಯುವುದರೊಳಗೆ ಆರು ದೊಡ್ಡ ಕೌದಿ ಮುಗಿಸಿದಳು. ನಾನೂ ಒಂದು ಸಾಲು ಹೊಲಿಯುತ್ತೇನೆಂದು ಹಟ ಹಿಡಿದೆ. ನನ್ನ ಹೊಲಿಗೆ ತುಂಗಭದ್ರೆಯ ನಕಾಶೆಯಂತೆ ಎಲ್ಲೆಲ್ಲೋ ತಿರುಗಿ, ಕೊನೆಗೆ ಸೂಜಿ ನನ್ನ ಹೆಬ್ಬೆರಳಿಗೆ ಬಂದು ಸೇರಿತು. ಗಂಗಮ್ಮ ಅದನ್ನು ಬಿಚ್ಚಿ ತಾನೇ ಹೊಲಿದಳು.

ಪ್ರತಿ ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಆಕೆ ಸೆರಗಿನ ಗಂಟಿನಿಂದ ಒಂದು ಚಿಟಿಕೆ ಜೋಳ ತೆಗೆದು ಒಳಗೆ ಹಾಕುತ್ತಿದ್ದಳು. ಹೊಟ್ಟೆ ತುಂಬಿಸುವುದು ಅನ್ನುತ್ತಾರೆ ಅದಕ್ಕೆ. ಕೌದಿ ಹಸಿದಿದ್ದರೆ ಅದರ ಮೇಲೆ ಮಲಗಿದವರ ಮನೆಯಲ್ಲೂ ಹಸಿವೆಯಂತೆ. ನಾನು ಸುಮ್ಮನಿರುವ ಜಾತಿಯೇ? ಜೋಳ ಮೊದಲು ಹುಟ್ಟಿದ್ದೇ ಆಫ್ರಿಕಾದಲ್ಲಿ, ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹಡಗು ಹತ್ತಿ ನಮ್ಮ ಕಡೆ ಬಂತು, ನಾವು ಅದನ್ನು ರೊಟ್ಟಿ ಮಾಡಿ ನಮ್ಮದೇ ಎಂದುಕೊಂಡೆವು ಎಂದು ಪಾಠ ಶುರುಮಾಡಿದೆ. ಗಂಗಮ್ಮ ಸೂಜಿ ನಿಲ್ಲಿಸಿ ಕೇಳಿದಳು. "ಹಂಗಾದ್ರ ಇದು ತವರುಮನೀಗೆ ಹೊಂಟೈತಿ ಅನ್ರಿ!" ನನ್ನ ಇಡೀ ವೃತ್ತಿಜೀವನದಲ್ಲಿ ಯಾವ ವಿದ್ಯಾರ್ಥಿಯೂ ಪಾಠವನ್ನು ಇಷ್ಟು ಚೆನ್ನಾಗಿ ಹಿಡಿದಿರಲಿಲ್ಲ.

ತೊಂದರೆ ಬಂದದ್ದು ಅಂಚೆಕಚೇರಿಯ ಫಾರಂನಿಂದ. ಪಾರ್ಸಲಿನೊಳಗೆ ಆಹಾರ, ಬೀಜ, ಮಣ್ಣು ಏನಾದರೂ ಇದೆಯೇ? ಇಲ್ಲ ಎಂದು ಬರೆದು ಸಹಿ ಮಾಡಬೇಕು. ನಾನು ಸರ್ಕಾರಿ ಕಾಗದಕ್ಕೆ ಹೆದರುವ ಮನುಷ್ಯ. ಸುಳ್ಳು ಸಹಿ ಮಾಡಿ, ಅಲ್ಲಿ ಯಾರೋ ಮೂಲೆ ಹಿಚುಕಿ, ಇಡೀ ಪಾರ್ಸಲನ್ನೇ ತಡೆದುಬಿಟ್ಟರೆ? ಕ್ಲಾಸು ಮುಚ್ಚಿಹೋಗುತ್ತದೆ. ಗಂಗಮ್ಮನ ಬಳಿ ಹೋಗಿ ಕಾಳು ತೆಗೆಯೋಣ ಅಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಸದ ಹುಡುಗ್ರನ್ನ ಹಸದ ಕೌದಿ ಮ್ಯಾಲೆ ಕುಂದ್ರಸ್ತೀರೇನ್ರಿ? ಬ್ಯಾಡ. ನಾ ತೆಗ್ಯಾಕಿ ಅಲ್ಲ."

ಇನ್ನು ನನ್ನ ತಪ್ಪೊಪ್ಪಿಗೆ. ಶಾರದೆ ಸಂತೆಗೆ ಹೋದ ಒಂದು ಮಧ್ಯಾಹ್ನ, ಆಫ್ರಿಕಾಕ್ಕೆ ಹೋಗುವ ಹೊತ್ತಿನಲ್ಲಿ ಆಫ್ರಿಕಾಕ್ಕೇ ದ್ರೋಹ ಮಾಡಿದೆ. ಬ್ಲೇಡಿನಿಂದ ಆರು ಮೂಲೆ ಬಿಚ್ಚಿ, ಕಾಳು ತೆಗೆದು, ನನ್ನ ತುಂಗಭದ್ರೆ ಹೊಲಿಗೆಯಲ್ಲಿ ಮತ್ತೆ ಮುಚ್ಚಿದೆ. ಆ ಕಾಳನ್ನು ಎಸೆಯಲು ಕೈ ಬರಲಿಲ್ಲ. ಒಂದು ಖಾಲಿ ಅಮೃತಾಂಜನದ ಡಬ್ಬಿಗೆ ತುಂಬಿ, ಅಟ್ಲಾಸಿನ ಹಿಂದೆ ಇಟ್ಟೆ. ಮರುದಿನ ಪಾರ್ಸಲ್ ಹೋಯಿತು. ಆಮೇಲೆ ಎಷ್ಟೋ ದಿನ ನನಗೆ ನಿದ್ದೆ ಹತ್ತಿದರೂ ಶಾಲೆ ಸಿಗಲಿಲ್ಲ. ಬರೀ ಬಂಡೆಗಳು.

ನವೆಂಬರ್ ಕೊನೆಗೆ ಕೌದಿಗಳು ತಲುಪಿದವು. ಗಾಳಿ ಬೀಸಿತು. ಜನವರಿಯಲ್ಲಿ ಫಿಲೋಮಿನಾ ಒಂದು ವಿಡಿಯೋ ಕಳಿಸಿ, 'ಗಂಗಕ್ಕಗ ತೋರಿಸ್ರಿ' ಎಂದು ಬರೆದಿದ್ದಳು. ನಾನು ಮೊದಲು ಒಬ್ಬನೇ ನೋಡಿದೆ, ತೋರಿಸುವುದೇ ಬೇಡವೆನಿಸಿತು. ಆದರೂ ಹೋಗಬೇಕಲ್ಲ. ಗಾದಿಗನೂರಿಗೆ ಶಾರದೆಯೂ ಬಂದಳು. ಗಂಗಮ್ಮನ ಕಟ್ಟೆಯ ಮೇಲೆ ಕೂತು, ದನಿಯನ್ನು ಪೂರ್ತಿ ಇಳಿಸಿ, ಫೋನನ್ನು ಆಕೆಯ ಮುಂದೆ ಹಿಡಿದೆ. ಮಕ್ಕಳು ಸಾಲಾಗಿ ಕೌದಿಗಳ ಮೇಲೆ ಕೂತಿದ್ದಾರೆ, ಒಬ್ಬಳು ನಮ್ಮ ಅವ್ವನ ಹಸಿರು ತುಂಡಿನ ಮೇಲೆ ಅಂಗೈ ಸವರುತ್ತಿದ್ದಾಳೆ.

"ದನಿ ಯಾಕ ಬರವಲ್ದು?" ಎಂದಳು ಗಂಗಮ್ಮ.

"ಫೋನ್ ಹಳೇದು" ಅಂದೆ.

ಶಾರದೆ ಕೈಚಾಚಿ ಗುಂಡಿ ಒತ್ತಿದಳು. ಫಿಲೋಮಿನಾಳ ದನಿ ಕಟ್ಟೆಯ ತುಂಬ ಹರಡಿತು: "ಗಂಗಕ್ಕಾ, ಮೂಲಿ ಹಿಚುಕಿ ನೋಡ್ದೆ, ಆರೂ ಕೌದಿ ಹೊಟ್ಟಿ ಖಾಲಿ ಇದ್ವು. ಯಾರ ಹೊಲಿಗಿ ಅಂತ ನೋಡಿದ ಕೂಡ್ಲೆ ತಿಳೀತು, ಸಾರ್ ಬೋರ್ಡ್ ಮ್ಯಾಲೆ ಹೊಳಿ ಬರೀತಿದ್ದದ್ದು ಹಿಂಗ. ಆಮ್ಯಾಲೆ ನಾ ಹುಡುಗ್ರಿಗೆ ಹೇಳಿದೆ, ನಿಮ್ಮ ಮನೀಲಿಂದ ಒಂದೊಂದು ಚಿಟಿಕಿ ಜ್ವಾಳ ತರ್ರಿ, ಇದಕ್ಕ ಉಣಸ್ಬೇಕು ಅಂತ. ಎಲ್ಲಾರೂ ತಂದ್ರು. ತುಂಬಿ ಹೊಲದ್ವಿ. ಈಗ ಎಷ್ಟು ಥಂಡಿ ಇದ್ರೂ ಒಂದು ಕೂಸೂ ಸಾಲಿ ತಪ್ಪಸಂಗಿಲ್ಲಕ್ಕಾ. ನನ್ನ ಕಾಳು ಇದರಾಗೈತಿ ಅಂತ ಓಡಿ ಬಂದು ಮೂಲಿ ಮುಟ್ಟಿ ಕುಂದರ್ತಾವು. ಇನ್‌ಸ್ಪೆಕ್ಟರ್ ಬಂದು ಎಣಿಸಿ ಹೋದ. ಕ್ಲಾಸ್ ಉಳೀತು."

ಉಳಿಯಿತು. ಆದರೂ ನನಗೆ ತಲೆ ಎತ್ತಲಾಗಲಿಲ್ಲ. ಗಂಗಮ್ಮ ಬಹಳ ಹೊತ್ತು ಆ ಮಕ್ಕಳನ್ನೇ ನೋಡಿದಳು. ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ತವರಿಗೆ ಹೊಂಟಾಕಿನ್ನ ಬಸ್ಸಿನಿಂದ ಇಳಿಸಿಬಿಟ್ರೆಲ್ರೀ ಸಾರ್! ಆ ಜ್ವಾಳ ಏನ್ ಮಾಡಿದ್ರಿ?"

"ಇಟ್ಟೀನಿ" ಎಂದೆ, ಹೋಮ್‌ವರ್ಕ್ ಮಾಡದೆ ಸಿಕ್ಕಿಬಿದ್ದವನ ದನಿಯಲ್ಲಿ. "ಡಬ್ಬ್ಯಾಗ."

"ತಂದು ಕೊಡ್ರಿ."

ಯುಗಾದಿ ಹೊತ್ತಿಗೆ ಗಂಗಮ್ಮ ಶಾರದೆಯ ಕೈಯಲ್ಲಿ ಒಂದು ಕೌದಿ ಕಳಿಸಿದಳು, ನನ್ನ ಅಳತೆಯದು. ನನ್ನ ಹಳೆಯ ಧೋತರಗಳು, ಅಂಚಿಗೆ ಅವ್ವನ ಸೀರೆಯ ಉಳಿದ ಹಸಿರು. ಒಂದು ಮೂಲೆ ಹಿಚುಕಿದರೆ ಆ ಡಬ್ಬಿಯ ಕಾಳು ಸಣ್ಣಗೆ ಕರಕರ ಎನ್ನುತ್ತವೆ. ಈಗ ನಾನು ಮಧ್ಯಾಹ್ನ ಆ ಮೂಲೆಯನ್ನು ಕೆನ್ನೆಯಡಿಗೆ ಬರುವಂತೆ ಹಾಸಿಕೊಂಡು ಮಲಗುತ್ತೇನೆ. ಫ್ಯಾನು ಗುಂಯ್ ಎನ್ನುತ್ತದೆ, ಸಮುದ್ರ ಹಿಂದೆ ಬೀಳುತ್ತದೆ, ಕಬ್ಬಿಣದ ಗಂಟೆ ಕೇಳಿಸುತ್ತದೆ. ಬಂಡೆಗಳು ಹಾಗೆಯೇ ಇವೆ. ಕೆಂಪು ಕಾಲಿನ ಮಕ್ಕಳು ಸರಿದು ಜಾಗ ಕೊಡುತ್ತಾರೆ. ಜೊತೆಯಲ್ಲಿ ಬೀಜವಿದೆಯೇ ಎಂದು ಆ ದಾರಿಯಲ್ಲಿ ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಿದರೆ, ಇದೆ ಎಂದೇ ಬರೆದು ಸಹಿ ಮಾಡುತ್ತೇನೆ.