ರೋಮಿನ ಹನ್ನೊಂದು ಹೋಟೆಲುಗಳು ಮತ್ತು ಹಸಿದ ವೈನಿ

ರೋಮಿನಲ್ಲಿ ಎಲ್ಲಿ ಉಣ್ಣಬೇಕು, ಪಟ್ಟಿ ಹಾಕ್ರಿ ಎಂದು ನೀವು ಒಂದು ವರ್ಷದಿಂದ ನನ್ನ ಪೇಜಿನಲ್ಲಿ ಕೇಳುತ್ತಲೇ ಇದ್ದೀರಿ. ಬರೆಯಲು ವೈನಿಯ ಅಪ್ಪಣೆ ಸಿಕ್ಕಿದ್ದು ಈಗಷ್ಟೇ. ಹಾಗಾಗಿ ತಡ.

ಕಳೆದ ಜೂನಿನಲ್ಲಿ ಒಂದು ಬೆಳಿಗ್ಗೆ ನಾನು ಮತ್ತು ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಕಲಬುರಗಿ ಸ್ಟೇಶನ್ನಿನಿಂದ ಹೊರಟೆವು. ಹೈದರಾಬಾದಿನವರೆಗೆ ರೈಲು, ಅಲ್ಲಿಂದ ದೋಹಾ, ದೋಹಾದಿಂದ ರೋಮ್. ಟಿಕೆಟಿಗೆ ನಮ್ಮದೊಂದು ಪೈಸೆ ಖರ್ಚಿಲ್ಲ. ಕಮಲಾಪುರದಲ್ಲಿ ಅಣ್ಣನದು ಬೀಜ, ಗೊಬ್ಬರ, ಔಷಧಿಯ ಅಂಗಡಿ. ಹೇಳಿದಷ್ಟು ಮಾಲು ಮಾರಿದ ಅಂಗಡಿಯವರಿಗೆ ಔಷಧಿ ಕಂಪನಿಯವರು ಇಬ್ಬರಂತೆ ಫಾರಿನ್ ಟೂರು ಕೊಡುತ್ತಾರೆ. ಕೊಡುವುದು ಯಾವಾಗ? ಸರಿಯಾಗಿ ತೊಗರಿ ಬಿತ್ತನೆಯ ಹೊತ್ತಿಗೆ! ಅಂಗಡಿ ತುಂಬ ರೈತರು, ಅಣ್ಣ ಗಲ್ಲಾ ಬಿಟ್ಟು ಅಲುಗಾಡುವಂತಿರಲಿಲ್ಲ. ಅವನ ಜಾಗದಲ್ಲಿ ನನ್ನ ಹೆಸರು ಬರೆಸಿದ.

“ಲೇ ಶರಣು, ಮೂವತ್ತು ವರ್ಷದಾಗ ಅಕಿನ್ನ ಸೊಲ್ಲಾಪುರ ದಾಟಿಸಿಲ್ಲ ನಾ. ಚಲೋ ನೋಡ್ಕೋ. ಸಕ್ರಿ ಬ್ಯಾನಿ ಅದ ಅಕಿಗೆ. ಗುಳಿಗಿ ನುಂಗಿದ ಅರ್ಧ ತಾಸಿನ್ಯಾಗ ಹೊಟ್ಟಿಗೆ ಏನರ ಬೀಳಬೇಕು,” ಎಂದ ಪ್ಲಾಟ್‌ಫಾರ್ಮಿನಲ್ಲಿ.

“ನಾ ಏನ್ ಸಣ್ಣ ಹುಡುಗನೇನಣ್ಣ?”

“ಸಣ್ಣ ಹುಡುಗ ಆಗಿದ್ರ ಹೇಳಿದ್ದು ಕೇಳ್ತಿದ್ದಿ.”

ನಲವತ್ತೆಂಟು ವರ್ಷದವನಿಗೆ ರೈಲು ತುಂಬ ಜನರ ಮುಂದೆ ಆಡುವ ಮಾತೇ ಇದು? ವೈನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ರೈಲು ಬಿಟ್ಟಿತು.

ರೋಮಿನಲ್ಲಿ ನಾಲ್ಕು ರಾತ್ರಿ. ನಮ್ಮ ಲಾಡ್ಜು ಅಲ್ಲಿಯ ದೊಡ್ಡ ರೈಲು ಸ್ಟೇಶನ್ನಿನ ಹಿಂದೆ. ಸುತ್ತಲೂ ಸೂಟ್‌ಕೇಸ್ ಎಳೆಯುವವರು, ಟ್ಯಾಕ್ಸಿಯವರು, ಚಾರ್ಜರ್ ಮಾರುವವರು. ಕಲ್ಲುಹಾಸು ಮತ್ತು ಎತ್ತರದ ಕಟ್ಟಡ ಬಿಟ್ಟರೆ ನಮ್ಮ ಸ್ಟೇಶನ್ ಬಜಾರವೇ. ಸೆಕೆ ಮೂವತ್ತೈದು ಡಿಗ್ರಿ. ನಮ್ಮ ಊರಿನವರಿಗೆ ಅದೇನೂ ದೊಡ್ಡದಲ್ಲ, ಆದರೆ ನಮ್ಮ ಊರಿನಲ್ಲಿ ಆ ಬಿಸಿಲಿಗೆ ಯಾರೂ ದಿನಕ್ಕೆ ಎಂಟು ಕಿಲೋಮೀಟರು ನಡೆಯುವುದಿಲ್ಲ.

ತಂಡದಲ್ಲಿ ನಲವತ್ತು ಮಂದಿ. ಕಂಪನಿಯವರು ದಿನಾ ಸಂಜೆ ಆರೂವರೆಗೆ ಬಸ್ಸು ಹತ್ತಿಸಿ ಒಂದು ಇಂಡಿಯನ್ ಹೋಟೆಲಿಗೆ ಊಟಕ್ಕೆ ಒಯ್ಯುತ್ತಿದ್ದರು. ನಾನು ಒಲ್ಲೆ ಎಂದೆ. ಕಲಬುರಗಿಯ ಗಾಜಿಪುರದ ಮನೆಯಲ್ಲಿ ಕೂತು ಎರಡು ವಾರ ಮೊಬೈಲ್ ಜಾಲಾಡಿ, ರೋಮಿಗೆ ಹೋದವರು ತಪ್ಪದೆ ಉಣ್ಣಬೇಕಾದ ಹನ್ನೊಂದು ಜಾಗಗಳ ಪಟ್ಟಿ ಮಾಡಿಕೊಂಡಿದ್ದೆ. ಅವುಗಳಲ್ಲಿ ನಮ್ಮಂಥ ಶಾಕಾಹಾರಿಗಳಿಗೆ ಏನು ಸಿಗುತ್ತದೆಂದು ಬರೆದು ನಿಮ್ಮ ಮುಂದೆ ಇಡಬೇಕೆಂಬುದು ನನ್ನ ಹುಚ್ಚು.

ಆಳಂದದ ಬೀಜದಂಗಡಿಯ ಖಾದರ್ ಭಾಯಿ ಬೇಗಂ ಜೊತೆ ಬಂದಿದ್ದರು. ಮೊದಲ ದಿನ ಸಂಜೆ ಬಸ್ಸಿನ ಬಾಗಿಲಲ್ಲಿ ನಿಂತು ಕರೆದರು. “ಹತ್ರಿ ಶರಣಪ್ಪ. ಗರಂ ಗರಂ ದಾಲ್ ಅದ, ಚಾವಲ್ ಅದ. ಕಾಯ್ಕು ಪರೇಶಾನ್ ಆಗ್ತೀರಿ?”

“ದಾಲ್ ತಿನ್ನಾಕ ರೋಮಿಗ್ಯಾಕ್ರಿ ಬರಬೇಕು, ಖಾದರ್ ಭಾಯಿ?”

“ಕಂಪನಿ ತಂತು, ಬಂದೀವಿ. ಹೊಟ್ಟಿ ಮಾತ್ರ ಊರಾಗಿನದೇ ಅಲ್ಲೇನ್ರಿ?”

ವೈನಿ ಬಸ್ಸಿನ ಕಡೆ ನೋಡಿದರು. ನಾನು ಆಗಲೇ ಬೀದಿ ದಾಟಿದ್ದೆ.

ಆದರೆ ಮೊದಲ ಪೆಟ್ಟು ಬಿದ್ದದ್ದು ಅದಕ್ಕೂ ಮುಂಚೆ, ಅದೇ ಮಧ್ಯಾಹ್ನ. ಒಂದೂವರೆ ಯೂರೋ ಟಿಕೆಟಿನ ಟ್ರಾಮಿನಲ್ಲಿ ನದಿಯಾಚೆ ಹೋಗಿ, ಮೂರೂವರೆಗೆ ಪಟ್ಟಿಯ ಮೊದಲ ಹೋಟೆಲಿನ ಮುಂದೆ ನಿಂತರೆ ಅರ್ಧ ಶಟರ್ ಇಳಿದಿತ್ತು. ಒಳಗೆ ಒಬ್ಬ ನೆಲ ಒರೆಸುತ್ತಿದ್ದ. ಕೈಬೆರಳು ಎಣಿಸಿ ತೋರಿಸಿದ: ಏಳೂವರೆ.

“ಹಸಿವಿನ ಹೊತ್ತಿಗೆ ಊಟದ ಅಂಗಡಿ ಮುಚ್ತಾರ? ಇವ್ರು ವ್ಯಾಪಾರ ಮಾಡವ್ರೋ, ಸರ್ಕಾರಿ ನೌಕರ್ಯಾಗ ಇದ್ದವ್ರೋ?” ಎಂದರು ವೈನಿ.

ಇದನ್ನು ಬರೆದಿಟ್ಟುಕೊಳ್ಳಿ. ಆ ಊರಿನ ಒಳ್ಳೆಯ ಹೋಟೆಲುಗಳು ಮಧ್ಯಾಹ್ನ ಮೂರರಿಂದ ಸಂಜೆ ಏಳೂವರೆವರೆಗೆ ಬಾಗಿಲು ಹಾಕಿರುತ್ತವೆ. ಹನ್ನೊಂದು ಹೋಟೆಲಿನ ಪರದೆ, ಪಿಂಗಾಣಿ, ಅಡುಗೆಯವನ ಮೀಸೆಯವರೆಗೆ ಬಣ್ಣಿಸಿದ ಒಬ್ಬ ಪುಣ್ಯಾತ್ಮನೂ ಇದನ್ನು ಬರೆದಿರಲಿಲ್ಲ. ಅವತ್ತು ಸಂಜೆ ಬಸ್ಸು ಬಿಟ್ಟು ಮತ್ತೆ ಹೋಗಿ ಎಂಟಕ್ಕೆ ಉಂಡದ್ದು ಚೀಸು ಮತ್ತು ಕಾಳುಮೆಣಸಿನ ಪುಡಿಯ ಪಾಸ್ತಾ, ತಟ್ಟೆಗೆ ಹದಿಮೂರು ಯೂರೋ. ವೈನಿ ಎರಡು ತುತ್ತು ತಿಂದು, “ಶಾವಿಗಿಗೆ ಮೆಣಸು ಭಾಳ ಬಿದ್ದದ, ಒಗ್ಗರಣಿ ಮರತಾರ,” ಎಂದು ತೀರ್ಪು ಕೊಟ್ಟರು.

ಎರಡನೇ ದಿನ ಮಧ್ಯಾಹ್ನ ಪಟ್ಟಿಯ ಮೂರನೆಯದು. ಕರಿದ ಆರ್ಟಿಚೋಕ್, ಅದು ಹೂಮೊಗ್ಗಿನಂಥ ತರಕಾರಿ, ಅದಕ್ಕೇ ಹೆಸರಾದ ಜಾಗ. ಆ ತರಕಾರಿಯ ಸುಗ್ಗಿ ಅಲ್ಲಿಯ ಬೇಸಿಗೆಗೆ ಮುಂಚೆಯೇ ಮುಗಿದುಹೋಗುತ್ತದಂತೆ. ಇದನ್ನೂ ಯಾರೂ ಬರೆದಿರಲಿಲ್ಲ. ಅಲ್ಲಿಂದ ಪಕ್ಕದ ಪಿಜ್ಜಾ ಅಂಗಡಿಗೆ ಹೋದರೆ ಒಳಗೆ ಕಾಲಿಡಲು ಜಾಗವಿಲ್ಲ. ನಾನು ಬಾಗಿಲಲ್ಲಿದ್ದವನ ಹತ್ತಿರ ಕೈಸನ್ನೆಯಲ್ಲಿ ಜಗಳವಾಡುತ್ತಿದ್ದೆ. ತಿರುಗಿ ನೋಡಿದರೆ ವೈನಿ ಒಳಗೆ ಹೋಗಿ ಒಬ್ಬ ಟೈ ಕಟ್ಟಿದವನ ಬೆನ್ನ ಹಿಂದೆ, ಅವನ ಕುರ್ಚಿಯ ಮೇಲೆ ಕೈಯಿಟ್ಟು ನಿಂತಿದ್ದಾರೆ.

ನಮಗೆ ಇದರಲ್ಲಿ ತಪ್ಪೇನಿದೆ? ಮಧ್ಯಾಹ್ನ ಒಂದಕ್ಕೆ ಸ್ಟೇಶನ್ ಬಜಾರದ ಯಾವ ಖಾನಾವಳಿಗಾದರೂ ಹೋಗಿ. ರೊಟ್ಟಿ ಮುಗಿಸಿ ಅನ್ನಕ್ಕೆ ಬಂದವನ ಕುರ್ಚಿ ಹಿಡಿದು ನಿಂತರೆ ಅದು ನಿಮ್ಮದು. ಉಣ್ಣುವವನೂ ಬೇಜಾರು ಮಾಡಿಕೊಳ್ಳುವುದಿಲ್ಲ, “ಎರಡ ನಿಮಿಷ್ರಿ, ಮಜ್ಜಿಗಿ ಕುಡಿದು ಎದ್ದೆ,” ಎನ್ನುತ್ತಾನೆ. ರೋಮಿನ ಟೈಯವನು ಮಾತ್ರ ಹಾವು ಕಂಡವನಂತೆ ಎದ್ದ. ವೇಟರ್ ಓಡಿ ಬಂದ. ಅಂಗಡಿಯೆಲ್ಲ ನಮ್ಮನ್ನೇ ನೋಡಿತು. ನಮ್ಮಿಬ್ಬರನ್ನೂ ಮರ್ಯಾದೆಯಿಂದಲೇ ಹೊರಗೆ ಕಳಿಸಿದರು.

“ವೈನಿ, ಇಲ್ಲಿ ಯಾರ ಕುರ್ಚಿಗೂ ಕೈ ಹಚ್ಚಬ್ಯಾಡ್ರಿ. ಮಾನ ಹೋಗ್ತದ.”

“ಅವಾ ಉಂಡು ಮುಗಿಸಿದ್ದನೋ, ಮೊಬೈಲ್ ಒತ್ತಕೋತ ಕುಂತಿದ್ದ.”

“ಕುಂದ್ರಲಿ. ಅವನ ಊರು.”

ವೈನಿಯ ಚೀಲದಲ್ಲಿ ಕಮಲಾಪುರದಿಂದ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇದ್ದವು. ಹೊರಗೆ ಕಲ್ಲುಕಟ್ಟೆಯ ಮೇಲೆ ಕೂತು ಬಿಚ್ಚಿದರು. ನಾನು ಅದಕ್ಕೂ ರೇಗಿದೆ. ಹೆಸರಾದ ಹೋಟೆಲಿಗೆ ಬುತ್ತಿ ಕಟ್ಟಿಕೊಂಡು ಹೋಗುವವರು ಯಾರಿದ್ದಾರೆ, ನಾಳೆಯಿಂದ ಇದನ್ನು ರೂಮಿನಲ್ಲೇ ಇಡಿ ಎಂದೆ. ಇಟ್ಟರು.

ಮೂರನೇ ದಿನ ಕೊಲೊಸಿಯಂ ಸುತ್ತಿದೆವು. ಮಧ್ಯಾಹ್ನಕ್ಕೆ ತಲಾ ಒಂದು ತುಂಡು ಪಿಜ್ಜಾ. ವೈನಿ ಅದರಲ್ಲೂ ಅರ್ಧ ಬಿಟ್ಟರು. ಸಂಜೆ ಖಾದರ್ ಭಾಯಿ ಮತ್ತೆ ಕರೆದರು, ನಾನು ಮತ್ತೆ ಒಲ್ಲೆ ಎಂದೆ. ಅವತ್ತು ಪಟ್ಟಿಯ ಏಳನೆಯದು. ಎಲ್ಲ ಪಟ್ಟಿಗಳಲ್ಲೂ ಇದ್ದ ಒಂದೇ ಹೋಟೆಲು ಅದು. ಮುಂಗಡ ಬುಕಿಂಗ್ ಇಲ್ಲ, ಸಾಲಿನಲ್ಲಿ ನಿಲ್ಲಬೇಕು. ಒಳಗೆ ಹತ್ತು ಟೇಬಲ್ಲು, ಹೊರಗೆ ಬೀದಿಯಲ್ಲಿ ಆರು.

ಏಳೂಕಾಲಿಗೆ ನಾವು ಸಾಲಿನಲ್ಲಿದ್ದೆವು. ಬಾಗಿಲು ತೆಗೆಯಲು ಹದಿನೈದು ನಿಮಿಷ. ನಾನೇ ಹೇಳಿದೆ, ನನ್ನ ಬಾಯಿಂದಲೇ: “ಗುಳಿಗಿ ತಗೋರಿ ವೈನಿ, ಈಗ ಒಳಗ ಕರೀತಾರ.”

ತೆಗೆದುಕೊಂಡರು.

ಏಳೂವರೆಗೆ ಬಾಗಿಲು ತೆರೆಯಿತು. ನಮ್ಮ ಮುಂದಿನ ಜೋಡಿಗೆ ಕಡೆಯ ಟೇಬಲ್ಲು ಸಿಕ್ಕಿತು. ವೇಟರ್ ನನ್ನ ಹೆಸರು ಬರೆದುಕೊಂಡು ಒಂದು ತಾಸು ಎಂದ. ಅಲ್ಲಿಯ ಜನ ಉಣ್ಣುವ ಚಂದ ನೀವು ನೋಡಬೇಕು! ಒಂದು ತುತ್ತು, ಹತ್ತು ಮಾತು, ಒಂದು ಗುಟುಕು, ಮತ್ತೆ ಹತ್ತು ಮಾತು. ಹಿಂದೆ ಮೂವತ್ತು ಜನ ನಿಂತಿದ್ದಾರೆಂಬ ಖಬರೇ ಇಲ್ಲ.

ಎಂಟೂಕಾಲಿಗೆ ವೈನಿ, “ಶರಣು, ಏನರ ಬಿಸ್ಕೀಟ್ ಸಿಗ್ತದೇನ್ ನೋಡೋ,” ಎಂದರು.

“ಇನ್ನ ಹತ್ತ ನಿಮಿಷ್ರಿ ವೈನಿ. ಈಗ ಹೊಟ್ಟಿ ತುಂಬಿಸ್ಕೊಂಡ್ರ ಇಲ್ಲೇನ್ ಉಣ್ತೀರಿ?”

ಇದನ್ನು ಬರೆಯುವಾಗ ಕೈ ಹಿಂದೆ ಸರಿಯುತ್ತದೆ, ಆದರೂ ಬರೆಯುತ್ತಿದ್ದೇನೆ. ಎಂಟೂಮುಕ್ಕಾಲು. ಬೀದಿಯಲ್ಲಿ ಇನ್ನೂ ಬೆಳಕಿತ್ತು. ವೇಟರನೊಬ್ಬ ತೋಳಿನ ಮೇಲೆ ನಾಲ್ಕು ತಟ್ಟೆ ಇಟ್ಟುಕೊಂಡು ಬರುವುದನ್ನು ನಾನು ವಿಡಿಯೋ ಮಾಡುತ್ತಿದ್ದೆ. ಮೊಬೈಲಿನ ಪರದೆಯ ಮೂಲೆಯಲ್ಲಿ ವೈನಿ ಕಂಡರು. ಹೊರಗಿನ ಟೇಬಲ್ಲಿನಲ್ಲಿ ಕೂತ ಒಬ್ಬ ಮುದುಕಿಯ ಹಿಂದೆ, ಆಕೆಯ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಾರೆ.

ನನ್ನ ತಲೆ ಕೆಟ್ಟಿತು. ಹೋದವನೇ ಅವರ ಕೈ ಹಿಡಿದು ಕುರ್ಚಿಯಿಂದ ಬಿಡಿಸಿದೆ. “ನಿನ್ನೆ ಎಷ್ಟು ಹೇಳೀನ್ರಿ? ತಿಳಿಯಂಗಿಲ್ಲೇನ್ರಿ ನಿಮಗ? ಇದು ಕಮಲಾಪುರ ಅಲ್ಲ!”

ಕೈ ತಣ್ಣಗಿತ್ತು, ಬೆವರಿನಿಂದ ಒದ್ದೆಯಾಗಿತ್ತು. ವೈನಿ ನನ್ನ ಮುಖ ನೋಡಿದರು, ಆದರೆ ನೋಟ ನನ್ನ ಮೇಲೆ ನಿಲ್ಲಲಿಲ್ಲ. ಹಿಡಿಯಲು ಏನೂ ಇಲ್ಲದೆ ಅಲ್ಲೇ ಕಲ್ಲುಹಾಸಿನ ಮೇಲೆ ಕುಸಿದು ಕೂತುಬಿಟ್ಟರು.

ನನಗಿಂತ ಮೊದಲು ತಿಳಿದದ್ದು ಆ ಮುದುಕಿಗೆ. ತನ್ನ ಮುಂದಿದ್ದ ಕಿತ್ತಳೆ ರಸದ ಗ್ಲಾಸು ತೆಗೆದು ವೈನಿಯ ತುಟಿಗೆ ಹಿಡಿದಳು. ಕಾಫಿಗೆ ಇಟ್ಟಿದ್ದ ಸಕ್ಕರೆಯ ಪೊಟ್ಟಣಗಳನ್ನು ಹಲ್ಲಿನಿಂದ ಹರಿದು ಅದರೊಳಗೆ ಸುರಿದಳು. ನನ್ನ ಕಡೆ ತಿರುಗಿ ಏನೋ ಗದರಿದಳು. ಭಾಷೆ ಬರದಿದ್ದರೂ ಅರ್ಥ ಪೂರ್ತಿ ಆಯಿತು. ಆಮೇಲೆ ತೋಳು ಸರಿಸಿ, ಸಕ್ಕರೆ ಅಳೆಯಲು ಚರ್ಮಕ್ಕೆ ಅಂಟಿಸಿದ್ದ ಬಿಳಿ ಬಿಲ್ಲೆಯನ್ನು ತೋರಿಸಿದಳು. ಆಕೆಗೂ ಅದೇ ಬೇನೆ. ವೇಟರ್ ಯಾರೂ ಕೇಳದೆಯೇ ಬ್ರೆಡ್ಡು ತಂದ. ಮುದುಕಿ ಎದ್ದು ತನ್ನ ಕುರ್ಚಿಯಲ್ಲೇ ವೈನಿಯನ್ನು ಕೂರಿಸಿದಳು.

ಹದಿನೈದು ನಿಮಿಷಕ್ಕೆ ಮುಖಕ್ಕೆ ಬಣ್ಣ ಬಂತು. ಬ್ರೆಡ್ಡು ಅಗಿಯುತ್ತ ವೈನಿ ಮೆಲ್ಲಗೆ ಹೇಳಿದರು: “ಜಾಗ ಹಿಡಿಯಾಕ ನಿಂತಿರಲಿಲ್ಲೋ ಶರಣು. ಕಣ್ಣಿಗಿ ಕತ್ತಲಿ ಬಂತು. ಕೈಗಿ ಸಿಕ್ಕದ್ದು ಹಿಡಕೊಂಡೆ.”

ನಾನು ಬಗ್ಗಿ ನೆಲದ ಮೇಲಿನ ಖಾಲಿ ಸಕ್ಕರೆ ಪೊಟ್ಟಣಗಳನ್ನು ಆಯ್ದುಕೊಂಡೆ.

“ಬಯ್ಯೂದಕ್ಕ ಮೊದಲ ಒಂದ ಮಾತು ಕೇಳಬೇಕಿತ್ತು ನೀ.”

ಆ ಹೋಟೆಲಿನ ಊಟ ಹೇಗಿತ್ತು ಎಂದು ಯಾರಾದರೂ ಕಮೆಂಟಿನಲ್ಲಿ ಕೇಳಿದರೆ ಬ್ಲಾಕ್ ಮಾಡುತ್ತೇನೆ.

ನಾಲ್ಕನೇ ದಿನ ಪಟ್ಟಿ ತೆಗೆಯಲಿಲ್ಲ. ತಂಡದ ಜೊತೆ ಬಸ್ಸು ಹತ್ತಿದೆವು. ದಾಲಿಗೆ ಉಪ್ಪಿರಲಿಲ್ಲ, ಪಲ್ಯದಲ್ಲಿ ಬರೀ ಎಣ್ಣೆ, ಆದರೆ ಏಳಕ್ಕೆ ಸರಿಯಾಗಿ ತಟ್ಟೆ ಮುಂದಿತ್ತು. ಖಾದರ್ ಭಾಯಿಯ ಬೇಗಂ, ಮುಂದಿನ ವರ್ಷ ಕಂಪನಿಯವರು ಇಸ್ತಾಂಬುಲಿಗೆ ಒಯ್ಯುತ್ತಾರಂತೆ ಎಂದರು. ವೈನಿ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಹಾಗೇ ಹಿಡಿದು, ಅದು ಎಷ್ಟು ದೂರ, ಸಮುದ್ರ ಇದೆಯೇ, ಥಂಡಿ ಎಷ್ಟು ಎಂದು ಅರ್ಧ ತಾಸು ವಿಚಾರಿಸಿದರು. ನಾಲ್ಕು ದಿನದಲ್ಲಿ ಅವರ ಮುಖದಲ್ಲಿ ಅಷ್ಟು ಉಮೇದು ನಾನು ನೋಡಿರಲಿಲ್ಲ.

ಏರ್‌ಪೋರ್ಟಿನಲ್ಲಿ ವೈನಿ ನನ್ನನ್ನು ಪಕ್ಕಕ್ಕೆ ಕರೆದರು. “ಮೊನ್ನಿ ಆದದ್ದು ನಿಮ್ಮಣ್ಣಗ ಹೇಳಬ್ಯಾಡ.”

“ಹೇಳ್ಲೇಬೇಕ್ರಿ ವೈನಿ. ತಪ್ಪು ನಂದು.”

“ನಿಂದು ಹೌದು. ಹೇಳಿದ್ರ ನಿನ್ನ ಮನಸ್ಸು ಹಗರ ಆಗ್ತದ, ನನ್ನ ಮಾತ್ರ ಅವ್ರು ಇನ್ನ ಹುಮ್ನಾಬಾದಿಗೂ ಕಳಸಂಗಿಲ್ಲ. ಸುಮ್ನಿರು.”

ಕಲಬುರಗಿ ಸ್ಟೇಶನ್ನಿಗೆ ಅಣ್ಣ ಕಾರು ತಂದಿದ್ದ. ಊಟಕ್ಕೆ ಬಾ ಎಂದು ನನ್ನನ್ನೂ ಹತ್ತಿಸಿಕೊಂಡ. ಹುಮನಾಬಾದ್ ರಸ್ತೆಯ ಎರಡೂ ಬದಿ ಮಳೆ ಬಿದ್ದು ಕಪ್ಪಾದ ಹೊಲಗಳು. ಅಣ್ಣ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, “ಏನೋ, ಮಾರಿ ಹಿಂಗ್ಯಾಕ ಮಾಡ್ಕೊಂಡಿ? ಊಟ ಗೀಟ ಹೊತ್ತಿಗಿ ಸರಿಯಾಗಿ ಆಯ್ತಿಲ್ಲೋ?” ಎಂದ.

ಆ ಕಣ್ಣಿನ ಮುಂದೆ ನನಗೆ ತಡೆಯಲಾಗಲಿಲ್ಲ. “ಅಣ್ಣಾ, ಅಲ್ಲಿ ಒಂದಿನ ಏನಾಯ್ತಂದ್ರ...”

“ಒಂದಿನ ಇವಗ ಊಟ ತಡಾ ಆಯ್ತು ನೋಡ್ರಿ,” ಮುಂದಿನ ಸೀಟಿನಿಂದ ವೈನಿ ಬಾಯಿ ಹಾಕಿದರು. “ತಲಿ ತಿರುಗಿ ಬೀದ್ಯಾಗ ಕುಂತಬಿಟ್ಟ. ನಾನ ಸಕ್ರಿ ಹಾಕಿ ಕಿತ್ತಳಿ ರಸ ಕುಡಿಸಿ ಎಬ್ಬಿಸಿದೆ. ಪಾಪ, ಹೇಳಾಕ ನಾಚಕೊಳ್ಳಾಕತ್ತಾನ.”

ಅಣ್ಣ ಕಾರು ನಿಧಾನ ಮಾಡಿದ. ಹೆಂಡತಿಯ ಕಡೆ ನೋಡಿದ, ಕನ್ನಡಿಯಲ್ಲಿ ನನ್ನನ್ನು ನೋಡಿದ.

“ನಿನ್ನ ಮ್ಯಾಲ ಭರೋಸಾ ಇಟ್ಟು ಕಳಸಿದ್ನಲ್ಲೋ ಅಕಿನ್ನ! ಬ್ಯಾನಿ ಇದ್ದಾಕಿ ಗಟ್ಟಿ ನಿಂತಾಳ, ನೀ ಬಿದ್ದಿ?”

“ಬಯ್ಯಬ್ಯಾಡ್ರಿ ಅವಗ,” ಎಂದರು ವೈನಿ ಹೊಲ ನೋಡುತ್ತ. “ಮುಂದಿನ ವರ್ಷ ಇಸ್ತಾಂಬುಲ್ ಅಂತ. ಆಳಂದದ ಖಾದರ್ ಭಾಯಿ ಮನ್ಯಾಗಿನವ್ರು ಬರ್ತಾರ.”

“ಅವ್ರ ಜೋಡಿನ ಹೋಗು. ಇವನ್ನ ಕಟಕೊಂಡು ಹೋದ್ರ ಇವನ್ನ ನೋಡ್ಕೊಳ್ಳೂದ ಒಂದ್ ಕೆಲಸ ಆಗ್ತದ ನಿನಗ. ತಿಳೀತೇನೋ ಶರಣು?”

“ಆಯ್ತಣ್ಣಾ,” ಎಂದೆ ಹಿಂದಿನ ಸೀಟಿನಿಂದ.