ಇಸ್ತ್ರಿ ಬಟ್ಟೆ ವಾರ್ಡ್ ಆಫೀಸಲ್ಲಿದೆ

ವೋಟರ್ ಕಾರ್ಡ್ ಜೇಬಲ್ಲಿದ್ದರೆ ವೋಟು ತನ್ನದೇ ಎಂದು ವೇಣು ಬಹಳ ಕಾಲ ನಂಬಿದ್ದ. ಪಟ್ಟಿ ಅಂತ ಬೇರೊಂದಿದೆ, ಅದರಲ್ಲೂ ಹೆಸರಿರಬೇಕು ಅನ್ನೋದು ಡಿಗ್ರಿ ಮುಗಿಸಿದ ಆ ತಲೆಗೆ ಹೊಳೆದಿರಲಿಲ್ಲ. ಹಿಂದಿನ ಸಲ ಬೂತಿನಲ್ಲಿ "ಹೆಸರಿಲ್ಲ ಸಾರ್" ಅಂದಾಗ, ಕಾರ್ಡನ್ನು ಗಲ್ಲದ ಪಕ್ಕ ಹಿಡಿದು "ಸರಿಯಾಗಿ ನೋಡಿ, ನಾನೇ!" ಎಂದು ಹತ್ತು ನಿಮಿಷ ವಾದ ಮಾಡಿ, ಕ್ಯೂನವರನ್ನೆಲ್ಲ ನಗಿಸಿ ಬಂದಿದ್ದ.

ಆಮೇಲೆ ಅವನ ಕಿವಿ ಹಿಂಡಿ ಹೊಸ ಅರ್ಜಿ ಹಾಕಿಸಿದ್ದು ತಿಮ್ಮಕ್ಕ. ಇಟ್ಟಮಡುವಿನ ಅವನ ಬೀದಿಯ ಮೂಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇಸ್ತ್ರಿ ಗಾಡಿ ಇಟ್ಟವಳು. ಯಾವ ಮನೆಗೆ ಯಾರು ಬಂದರು, ಯಾರು ಬಿಟ್ಟರು ಅನ್ನೋದು ಅವಳಿಗೆ ಬಟ್ಟೆ ಗಂಟು ನೋಡಿದರೇ ಗೊತ್ತಾಗುತ್ತಿತ್ತು.

ಈ ಸಲ ಚುನಾವಣೆಗೆ ಮುಂಚೆ ಬೀದಿಗೆ ಇಪ್ಪತ್ತಾರು ನೋಟಿಸು ಬಂದವು. ಇವರೆಲ್ಲ ಮನೆ ಖಾಲಿ ಮಾಡಿದ್ದಾರೆ, ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಗೌರೀಶಂಕರ ಅನ್ನೋ ಮನೆ ಬ್ರೋಕರ್ ಇಪ್ಪತ್ತಾರು ಫಾರಂಗೂ ಸೈನ್ ಹಾಕಿದ್ದ. ತಿಮ್ಮಕ್ಕನ ಹೆಸರೂ ಇತ್ತು, ವೇಣುವಿನದೂ. ಸೋಮವಾರ ಹನ್ನೊಂದಕ್ಕೆ ವಾರ್ಡ್ ಆಫೀಸಲ್ಲಿ ವಿಚಾರಣೆ. ಬಾರದವರ ಹೆಸರು ಹೋದ ಹಾಗೇ.

ತಿಮ್ಮಕ್ಕ ಮನೆ ಮನೆ ಮೆಟ್ಟಿಲು ಹತ್ತಿದಳು. ಎಲ್ಲರಿಗೂ ಆಫೀಸು, ಮೀಟಿಂಗು. "ನೀವೇ ಒಂದ್ಮಾತು ಹೇಳ್ಬಿಡಿ ಅಕ್ಕ, ನಂಗೆ ಲೀವ್ ಸಿಗಲ್ಲ" ಅಂದ ವೇಣು.

"ಸರಿ ಬಿಡು" ಅಂದಳು ತಿಮ್ಮಕ್ಕ. ಭಾನುವಾರ ಬೀದಿಯವರ ಬಟ್ಟೆಯೆಲ್ಲ ಇಸ್ತ್ರಿಗೆಂದು ಎತ್ತಿಕೊಂಡು ಹೋದಳು.

ಸೋಮವಾರ ಬೆಳಿಗ್ಗೆ ವೇಣು ಬನಿಯನ್ನಲ್ಲೇ ಗಾಡಿಗೆ ಓಡಿದ. ಇದ್ದ ಐದು ಶರ್ಟೂ ಅವಳ ಹತ್ತಿರವೇ. ಗಾಡಿ ಮುಚ್ಚಿತ್ತು. ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ಬಟ್ಟೆ ವಾರ್ಡ್ ಆಫೀಸಲ್ಲಿದೆ. ಹನ್ನೊಂದಕ್ಕೆ ಬನ್ನಿ. ವೋಟರ್ ಕಾರ್ಡ್ ತನ್ನಿ.

ವಾರ್ಡ್ ಆಫೀಸಲ್ಲಿ ಗೌರೀಶಂಕರನನ್ನೂ ಕರೆಸಿ ಕೂರಿಸಿದ್ದ ಅಧಿಕಾರಿ ಮಹಾಂತೇಶ್ ಮೇಜಿನ ಮೇಲಿನ ಗಂಟುಗಳನ್ನು ನೋಡಿ ಕನ್ನಡಕ ತೆಗೆದರು. "ಏನಮ್ಮ ಇದು?"

"ಇವ್ರೆಲ್ಲ ಮನೆ ಬಿಟ್ಟೋಗವ್ರೆ ಅಂತ ಈಯಪ್ಪ ಬರ್ದವ್ನೆ ಸಾರ್. ಮನೆ ಬಿಟ್ಟೋರು ಬಟ್ಟೆ ಬಿಟ್ಟೋಗ್ತಾರಾ? ಐದು ನಿಮಿಷ ಇರಿ, ಬತ್ತಾರೆ."

ಬಂದರು. ಬರ್ಮುಡಾದಲ್ಲಿ, ನೈಟಿ ಮೇಲೆ ಟವೆಲ್ ಹೊದ್ದು, ಬೈದುಕೊಂಡೇ ಬಂದರು. ತಿಮ್ಮಕ್ಕ ಒಬ್ಬೊಬ್ಬರ ಹೆಸರು ಕೂಗಿದಳು, ಸಾಹೇಬರು ಕಾರ್ಡ್ ನೋಡಿ ಟಿಕ್ ಹಾಕಿದರು, ಆಮೇಲೇ ಬಟ್ಟೆ. ಇಪ್ಪತ್ತಾರಕ್ಕೆ ಇಪ್ಪತ್ತಾರೂ ಹಾಜರ್!

"ಯಾರೋ ಟೈಪ್ ಮಾಡ್ಕೊಟ್ರು, ಸೈನ್ ಹಾಕ್ದೆ ಸಾರ್" ಅಂದ ಗೌರೀಶಂಕರ.

"ಸುಳ್ಳು ಬರೆದ್ರೆ ಒಂದು ವರ್ಷದವರೆಗೆ ಜೈಲು ಅಂತ ಅದೇ ಫಾರಂನಾಗ ಅಚ್ಚಾಗೇತಲ್ರೀ" ಎಂದು ಮಹಾಂತೇಶ್ ಪೊಲೀಸ್ ದೂರಿಗೆ ಕಾಗದ ಎಳೆದುಕೊಂಡರು. ಇಪ್ಪತ್ತಾರು ಫಾರಮ್ಮೂ ವಜಾ. ಆಫೀಸಲ್ಲಿ ಶಿಳ್ಳೆಯೋ ಶಿಳ್ಳೆ. ಮೊದಲು ಹೊಡೆದವನು, ಲೀವ್ ಸಿಗದ ವೇಣು.

ಮತದಾನದ ದಿನ ಬೀದಿಯವರು ತಿಮ್ಮಕ್ಕನನ್ನೇ ಮುಂದೆ ಬಿಟ್ಟು ಕ್ಯೂ ನಿಂತರು. ಬೆರಳು ಮೇಲೆತ್ತಿಕೊಂಡು ಅವಳು ಹೊರಬಂದಾಗ ವೇಣುವಿಗೆ ಬಾಯಿ ತಡೆಯಲಿಲ್ಲ.

"ಅಕ್ಕ, ಯಾರಿಗೆ ಹಾಕಿದ್ರಿ?"

"ಹೇಳಲ್ಲ ಹೋಗೋ. ನಿನ್ನ ಪ್ಯಾಂಟು ಹಿಂದ್ಗಡೆ ಹರ್ದಿರೋದ್ನ ನಾನು ಯಾರಿಗಾದ್ರೂ ಹೇಳಿದ್ದೀನಾ?"